ಪೂರ್ವಿ ಸ್ಟಾರ್, ಪಾರ್ಟ್ ಟೂ ಆರ್ಡರ್ ಮತ್ತು ಒಂದು ಇನ್‌ಲ್ಯಾಂಡ್ ಪತ್ರ

ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಕಬ್ಬು, ತಂಬಾಕು, ಕೃಷ್ಣೆಯ ಮಹಾಪೂರ. ತಪ್ಪಿದರೆ ಗಡಿ ಜಗಳ. ಆದರೆ ಇಲ್ಲಿನ ಯಾವ ಊರಿಗೆ ಹೋದರೂ "ಮಿಲ್ಟ್ರಿ ಮಂದಿ ಮನಿ" ಅಂತ ಕೈ ತೋರಿಸೋ ನಾಲ್ಕಾರು ಮನೆಗಳು ಇದ್ದೇ ಇರುತ್ತವೆ. ಇವತ್ತು ಬರೀತಿರೋದು ಆ ಮನೆಗಳ ಟ್ರಂಕುಗಳಲ್ಲಿರೋ ಕಾಗದಗಳ ಬಗ್ಗೆ. ಒಬ್ಬ ಸೈನಿಕ ಗಳಿಸಿದ ಪದಕ ಅವನ ಸೇವಾ ದಾಖಲೆಯಲ್ಲಿ ಇಲ್ಲದೇ ಹೋದರೆ ಏನಾಗತ್ತೆ, ಯಾಕೆ ಹಾಗಾಗತ್ತೆ, ಅದನ್ನ ತಿದ್ದಿಸೋಕೆ ಏನೇನು ಬೇಕು ಅನ್ನೋದರ ಬಗ್ಗೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಮರಾಠಾ ಲೈಟ್ ಇನ್‌ಫಂಟ್ರಿಯ ಮೂಲ ಪಲ್ಟಣ ಹುಟ್ಟಿದ್ದು 1768ರಲ್ಲಿ, ಮುಂಬಯಿಯಲ್ಲಿ. ಅದರ ತರಬೇತಿ ಪಲ್ಟಣ 1922ರಲ್ಲಿ ಬೆಳಗಾವಿಗೆ ಬಂತು, ಇವತ್ತಿಗೂ ರೆಜಿಮೆಂಟಿನ ಕೇಂದ್ರ ಅಲ್ಲೇ ಇದೆ. ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದ್ದೂ ಬೆಳಗಾವಿಯಲ್ಲೇ, 1941ರ ಅಕ್ಟೋಬರ್‌ನಲ್ಲಿ. ಹೆಸರು ಮರಾಠಾ ಅಂತಿದ್ದರೂ ನಮ್ಮ ಕಡೆಯ ಕನ್ನಡದ ಹುಡುಗರೂ ಆ ರೆಜಿಮೆಂಟಿಗೆ ಸೇರುತ್ತ ಬಂದಿದ್ದಾರೆ. ಗಡಿ ದಾಟಿ ಶಿರೋಳ ತಾಲೂಕಿಗೆ ಹೋದರೆ ಒಂದು ಊರಿನ ಹೆಸರೇ ಸೈನಿಕ ಟಾಕಳಿ! ಇನ್ನೂ ಮುಂದೆ ಸಾತಾರಾ ಜಿಲ್ಲೆಯಲ್ಲಿ ಮಿಲಿಟರಿ ಅಪಶಿಂಗೆ ಅಂತ ಊರಿದೆ, ಅಲ್ಲಿಂದ ಹೋದವರಲ್ಲಿ 46 ಮಂದಿ ಮೊದಲ ಮಹಾಯುದ್ಧದಲ್ಲೇ ತೀರಿಕೊಂಡರು.

ಆ ಯುದ್ಧದಲ್ಲಿ ಮರಾಠಾ ಪಲ್ಟಣಗಳು ಹೆಚ್ಚಾಗಿ ಹೋದದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ. ಜನರಲ್ ಟೌನ್‌ಶೆಂಡ್‌ನ 6ನೇ ಪುಣೆ ಡಿವಿಜನ್‌ನಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. 1915ರ ಡಿಸೆಂಬರ್‌ನಲ್ಲಿ ಕುತ್ ಅನ್ನೋ ಊರಿನಲ್ಲಿ ತುರ್ಕರು ಈ ಡಿವಿಜನ್ನನ್ನ ಸುತ್ತುವರಿದರು. ಹಸಿವಿನಿಂದ ಸೊರಗಿ ಅದು ಶರಣಾದದ್ದು 1916ರ ಏಪ್ರಿಲ್ 29ಕ್ಕೆ. ಸೆರೆಸಿಕ್ಕವರನ್ನ ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ಸಾವಿರಾರು ಜನ ದಾರಿಯಲ್ಲೂ ಶಿಬಿರಗಳಲ್ಲೂ ಸತ್ತರು. ಪಲ್ಟಣಕ್ಕೆ ಪಲ್ಟಣವೇ ಸೆರೆಯಾದ ಮೇಲೆ ಯಾರು ಯಾವತ್ತು ಎಲ್ಲಿ ಸತ್ತರು ಅಂತ ಬರೆದಿಡೋರು ಯಾರು? ಯುದ್ಧದ ಕೊನೆಗೆ, 1918ರ ಅಕ್ಟೋಬರ್‌ನಲ್ಲಿ ಶರ್ಕಾತ್ ಕಾಳಗದಲ್ಲಿ 114ನೇ ಮರಾಠಾ ಪಲ್ಟಣ ಒಂದೇ 28 ಶೌರ್ಯ ಪದಕಗಳನ್ನ ಪಡೆಯಿತು. ಅದೇ 114 ಮುಂದೆ ಬೆಳಗಾವಿಯ ತರಬೇತಿ ಪಲ್ಟಣವಾಯಿತು.

ಮೆಸೊಪೊಟೇಮಿಯಾದಲ್ಲಿ ಸತ್ತು, ಗೋರಿಯೂ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಜನರ ನೆನಪಿಗೆ ಬಸ್ರಾದಲ್ಲಿ 1929ರಲ್ಲಿ ಒಂದು ದೊಡ್ಡ ಸ್ಮಾರಕ ಕಟ್ಟಿದರು. ಅದರ ಮೇಲೆ ಬ್ರಿಟಿಷ್ ಸೈನಿಕರ ಹೆಸರಿದೆ, ಭಾರತೀಯ ಅಧಿಕಾರಿಗಳ ಹೆಸರಿದೆ. ಭಾರತೀಯ ಸಿಪಾಯಿಗಳದ್ದು? ಪಲ್ಟಣದ ಹೆಸರಿನ ಕೆಳಗೆ "ಮತ್ತು ಇತರ ಇಷ್ಟು ಮಂದಿ ಭಾರತೀಯ ಸೈನಿಕರು" ಅಂತ ಒಂದು ಸಂಖ್ಯೆ ಕೆತ್ತಿ ಕೈತೊಳೆದುಕೊಂಡರು. 2021ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ ಒಂದು ವರದಿ ಹೊರಡಿಸಿ ಇದನ್ನ ಒಪ್ಪಿಕೊಂಡಿತು. 45,000ದಿಂದ 54,000 ಮಂದಿಯನ್ನ ಬಿಳಿಯರಿಗೆ ಸಮನಾಗಿ ಸ್ಮರಿಸಿಲ್ಲ, ಕನಿಷ್ಠ 1,16,000 ಮಂದಿಯ ಹೆಸರನ್ನ ಎಲ್ಲೂ ಹಾಕಿಲ್ಲ ಅಂತ. ಭಾರತ, ಆಫ್ರಿಕಾ, ಈಜಿಪ್ಟ್ ಎಲ್ಲ ಸೇರಿದ ಲೆಕ್ಕ ಅದು. ಅದೇ ವರ್ಷ ಲಾಹೋರ್ ಮ್ಯೂಸಿಯಮ್ಮಿನಲ್ಲಿ ಬಿದ್ದಿದ್ದ ಹಳೇ ರಿಜಿಸ್ಟರುಗಳಿಂದ ಪಂಜಾಬಿನ ಸುಮಾರು 3.2 ಲಕ್ಷ ಸೈನಿಕರ ಹೆಸರು ಕಂಪ್ಯೂಟರಿಗೆ ಏರಿತು. ಮುಂಬಯಿ ಪ್ರಾಂತ್ಯದ ನಮ್ಮ ಹಳ್ಳಿಗಳಿಗೂ ಅಂಥದ್ದೊಂದು ಕೆಲಸ ಆಗಬೇಕು ಅಂತ ನನ್ನ ಆಸೆ.

ಪದಕಗಳಲ್ಲೂ ಇದೇ ಕತೆ. ಮೊದಲ ಮಹಾಯುದ್ಧದ 'ಬ್ರಿಟಿಷ್ ವಾರ್ ಮೆಡಲ್' ಸೈನಿಕರಿಗೆ ಬೆಳ್ಳಿಯದ್ದು. ಅದೇ ಯುದ್ಧಕ್ಕೆ ಹೋಗಿ ಮಣ್ಣು ಹೊತ್ತ, ರಸ್ತೆ ಮಾಡಿದ ಭಾರತದ ಕೂಲಿ ದಳದವರಿಗೆ ಅದೇ ಅಚ್ಚಿನ ಕಂಚಿನ ಪದಕ. ಬೆಳ್ಳಿಯವು ಎಷ್ಟೋ ಕರಗಿ ಕಾಲಗೆಜ್ಜೆಯಾದವು, ಅದು ಬೇರೆ ಮಾತು :) ಒಂದು ಮಾತ್ರ ಒಳ್ಳೇದು ಮಾಡಿದ್ದರು. ಪದಕದ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು, ಪಲ್ಟಣ ಎಲ್ಲ ಕೊರೆದಿರುತ್ತಿತ್ತು. ನಿಮ್ಮ ಮನೆಯ ದೇವರ ಗೂಡಿನಲ್ಲಿ ಅಂಥದ್ದೊಂದು ಇದ್ದರೆ ತಿರುವಿ ಅಂಚು ನೋಡಿ. ಸರ್ಕಾರದ ಹತ್ತಿರ ಇಲ್ಲದ ಸಾಕ್ಷಿ ಅಲ್ಲಿರಬಹುದು.

ಇನ್ನು ಹೆಸರಿನ ಗೋಜಲು. ಇದು ನಮ್ಮ ಗಡಿಭಾಗದ್ದೇ ವಿಶೇಷ. ಭರ್ತಿಗೆ ನಿಂತ ಹುಡುಗ ಕನ್ನಡದಲ್ಲಿ ಹೆಸರು ಹೇಳುತ್ತಾನೆ. ಪಕ್ಕದಲ್ಲಿ ನಿಂತವನು ಅದನ್ನ ಮರಾಠಿಯಲ್ಲಿ ದೊಡ್ಡದಾಗಿ ಕೂಗುತ್ತಾನೆ. ಕಾರಕೂನ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾನೆ. ಬಸಪ್ಪ ಹೋಗಿ ಬಸಾಪಾ ಆಗುತ್ತಾನೆ, ಮಲ್ಲಪ್ಪ ಮಲಾಪಾ ಆಗುತ್ತಾನೆ. ಚೌಗಲಾ ಅನ್ನೋ ಅಡ್ಡಹೆಸರು ಆಚೆ ಕಡೆ ಹೋದರೆ ಚೌಗುಲೆ. ಇಂಗ್ಲಿಷಿನಲ್ಲಿ ಅದನ್ನ ನಾಲ್ಕು ಥರ ಬರೀತಾರೆ, ನಾಲ್ಕನ್ನೂ ನಾನೇ ಒಂದೇ ಮನೆಯ ಕಾಗದಗಳಲ್ಲಿ ನೋಡಿದ್ದೇನೆ. ಅಡ್ಡಹೆಸರೇ ಬಿಟ್ಟುಹೋಗಿ ತಂದೆ ಹೆಸರೇ ಕೊನೆಗೆ ಕೂತಿರೋದೂ ಉಂಟು. ಹುಟ್ಟಿದ ತಾರೀಖಂತೂ ಕೇಳಲೇಬೇಡಿ, ಅರ್ಧ ತಾಲೂಕು ಜೂನ್ ಒಂದಕ್ಕೇ ಹುಟ್ಟಿದೆ.

ಮೇಲಿಂದ ಊರೂ ಒಂದೇ ಕಡೆ ನಿಲ್ಲೋದಿಲ್ಲ. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಕೃಷ್ಣಾ ದಂಡೆಯ ಹಲವು ಹಳ್ಳಿಗಳು ಪಟವರ್ಧನರ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದವು. ಕೊಲ್ಲಾಪುರ ಸಂಸ್ಥಾನ 1949ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅದರ ಸ್ವಂತ ಪಡೆ ರಾಜಾರಾಮ್ ರೈಫಲ್ಸ್ ಭಾರತ ಸೇನೆಯಲ್ಲಿ ಬೆರೆತು ಮರಾಠಾ ಲೈಟ್ ಇನ್‌ಫಂಟ್ರಿಯ 19ನೇ ಬಟಾಲಿಯನ್ ಆಯಿತು. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಮೈಸೂರು ಕರ್ನಾಟಕ ಆಯಿತು, 2014ರಲ್ಲಿ ಬೆಳಗಾಂ ಬೆಳಗಾವಿ ಆಯಿತು. 2018ರ ಸುಮಾರಿಗೆ ನಿಪ್ಪಾಣಿ, ಕಾಗವಾಡ ಬೇರೆ ತಾಲೂಕುಗಳಾದವು. ಅಂದರೆ ರಾಯಬಾಗದ ಒಬ್ಬ ಹಳೇ ಫೌಜಿ ಕೂತ ಮನೆಯಿಂದ ಏಳದೆಯೇ ಒಂದು ಸಂಸ್ಥಾನ, ಮೂರು ಹೆಸರಿನ ರಾಜ್ಯ, ಎರಡು ಹೆಸರಿನ ಜಿಲ್ಲೆ ನೋಡಿಬಿಟ್ಟ. ಅವನ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ವಿಳಾಸ, ಪಿಂಚಣಿ ಕಾಗದದಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ಇವರೆಲ್ಲ ಒಬ್ಬನೇ ಮನುಷ್ಯ ಅಂತ ದೂರದ ಊರಿನ ಗುಮಾಸ್ತ ಹೇಗೆ ನಂಬಬೇಕು?

ಹೆಸರಿನ ಗೊಂದಲ ಸಣ್ಣದು ಅನ್ನಬೇಡಿ. 1999ರಲ್ಲಿ ಟೈಗರ್ ಹಿಲ್ ಕಾಳಗಕ್ಕೆ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಪ್ರಕಟವಾದಾಗ ಮರಣೋತ್ತರ ಅಂತಲೇ ಪ್ರಕಟವಾಗಿತ್ತು. ಅವರು ಆಸ್ಪತ್ರೆಯಲ್ಲಿ ಗಾಯ ಮಾಯಿಸಿಕೊಳ್ಳುತ್ತ ಜೀವಂತ ಇದ್ದರು. ಅದೇ ಹೆಸರಿನ ಇನ್ನೊಬ್ಬ ಯೋಧ ತೀರಿಕೊಂಡಿದ್ದ. ದೇಶದ ಅತಿ ದೊಡ್ಡ ಪದಕದಲ್ಲೇ ಹೀಗಾದರೆ ಸಾಮಾನ್ಯ ಸಿಪಾಯಿಯ ಸ್ಟಾರಿನ ಗತಿ ಏನು ಹೇಳಿ.

ಈಗ ಪದಕ ಹೇಗೆ ದಾಖಲಾಗತ್ತೆ ನೋಡೋಣ. ಶೌರ್ಯ ಪದಕಕ್ಕೆ ಶಿಫಾರಸು, ಗೆಜೆಟ್ ಎಲ್ಲ ಇರತ್ತೆ. ಆದರೆ ಬಹುಪಾಲು ಸೈನಿಕರ ಎದೆ ಮೇಲಿರೋದು ಯುದ್ಧರಂಗದಲ್ಲಿ ಇದ್ದದ್ದಕ್ಕೆ ಸಿಗೋ ಪದಕಗಳು. 1947-48ರ ಕಾಶ್ಮೀರ ಯುದ್ಧಕ್ಕೆ, 1961ರ ಗೋವಾ ಕಾರ್ಯಾಚರಣೆಗೆ ಜನರಲ್ ಸರ್ವಿಸ್ ಮೆಡಲ್‌ನ ಪಟ್ಟಿಗೆ ಒಂದೊಂದು ಕ್ಲಾಸ್ಪ್. 1965ಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ಕ್ಕೆ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಆ ಹೊತ್ತಿಗೆ ಸೇವೆಯಲ್ಲಿದ್ದು ರಂಗಕ್ಕೆ ಹೋಗದವರಿಗೂ ಸಂಗ್ರಾಮ ಮೆಡಲ್ ಇದೆ. ಸ್ಟಾರಿಗೂ ಮೆಡಲಿಗೂ ಇರೋ ವ್ಯತ್ಯಾಸ ಫೌಜಿಗಳಿಗೆ ಚೆನ್ನಾಗಿ ಗೊತ್ತು. ಸ್ಟಾರ್ ಇದ್ದರೆ ಅಲ್ಲಿದ್ದ, ಬರೀ ಮೆಡಲ್ ಇದ್ದರೆ ಹಿಂದಿದ್ದ.

ಅಲ್ಲಿದ್ದ ಅನ್ನೋದಕ್ಕೆ ಪುರಾವೆ ಏನು? ಪಾರ್ಟ್ ಟೂ ಆರ್ಡರ್. ಸೈನಿಕನ ಬದುಕಿನಲ್ಲಿ ಏನೇ ಆಗಲಿ, ವರ್ಗವಾಗಲಿ, ರಜೆ ಹೋಗಲಿ, ಆಸ್ಪತ್ರೆ ಸೇರಲಿ, ಮದುವೆಯಾಗಲಿ, ಮಗು ಹುಟ್ಟಲಿ, ಅವನ ಯೂನಿಟ್ಟು ಅದನ್ನ ಪಾರ್ಟ್ ಟೂ ಆರ್ಡರಿನಲ್ಲಿ ಪ್ರಕಟಿಸಿ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಅಲ್ಲಿ ಅದು ಅವನ ಶೀಟ್ ರೋಲ್ ಅನ್ನೋ ಹಾಳೆಗೆ ಏರತ್ತೆ. ಪ್ರಕಟವಾಗಲಿಲ್ಲವೋ, ಆ ಘಟನೆ ನಡೆದೇ ಇಲ್ಲ. ಹೆಂಡತಿ ಹೆಸರು ಹೀಗೆ ಬಿಟ್ಟುಹೋಗಿ, ಗಂಡ ಸತ್ತ ಮೇಲೆ ಕುಟುಂಬ ಪಿಂಚಣಿಗೆ ಒದ್ದಾಡೋ ಅಜ್ಜಿಯರು ನಮ್ಮ ಕಡೆ ಎಷ್ಟೋ ಜನ. ಪದಕ ಬಿಟ್ಟುಹೋಗೋದೂ ಇದೇ ಸಂದಿಯಲ್ಲಿ.

ನಮ್ಮ ಕಾಕಾನ ವಿಷಯದಲ್ಲಿ ಆದದ್ದು ಇದೇ. (ರೆಜಿಮೆಂಟು ಯಾವುದು, ಕಚೇರಿ ಯಾವುದು ಅಂತ ಇಲ್ಲಿ ಬರೆಯೋದಿಲ್ಲ.) ಕಾಕಾ 1969ರಲ್ಲಿ ಭರ್ತಿಯಾದವರು. 1971ರ ಅಕ್ಟೋಬರ್‌ನಲ್ಲಿ ಪಲ್ಟಣ ಪೂರ್ವ ಗಡಿಯಲ್ಲಿದ್ದಾಗ ಮಲೇರಿಯಾ ಜ್ವರ ಬಂದು ಮಿಲಿಟರಿ ಆಸ್ಪತ್ರೆ ಸೇರಿದರು. ಗುಣವಾದ ಮೇಲೆ ಅವರನ್ನ ಹಿಂದಿನ ಡಿಪೋಗೆ ಕಳಿಸಿದರು. ನವೆಂಬರ್ ಕೊನೆಗೆ ಪಲ್ಟಣಕ್ಕೆ ಹೊಸ ಜನ ಕಳಿಸೋ ಟೋಳಿಯ ಜೊತೆ ಇವರೂ ಲಾರಿ ಹತ್ತಿ ತಮ್ಮ ಕಂಪನಿ ಸೇರಿಕೊಂಡರು. ಡಿಸೆಂಬರ್ 3ಕ್ಕೆ ಯುದ್ಧ ಶುರು, 16ಕ್ಕೆ ಢಾಕಾದಲ್ಲಿ ಶರಣಾಗತಿ. ಆ ಹದಿಮೂರು ದಿನ ಕಾಕಾ ಗದ್ದೆ, ನದಿ, ಕೆಸರು ದಾಟುತ್ತ ಪಲ್ಟಣದ ಜೊತೆಗೇ ಇದ್ದರು. ಯುದ್ಧದ ಗಡಿಬಿಡಿಯಲ್ಲಿ ಅವರು ವಾಪಸ್ ಬಂದದ್ದು ಪ್ರಕಟವಾಗಲಿಲ್ಲ. ಜನವರಿಯಲ್ಲಿ ಯಾರೋ ಹಾಜರಿ ಲೆಕ್ಕ ಸರಿಮಾಡುವಾಗ ಜನವರಿ ತಾರೀಖನ್ನೇ ಹಾಕಿ ಆರ್ಡರ್ ಹೊರಡಿಸಿದರು. ದಾಖಲೆ ಪ್ರಕಾರ ಯುದ್ಧದ ಹೊತ್ತಿಗೆ ಕಾಕಾ ಡಿಪೋದಲ್ಲಿ ಕೂತಿದ್ದರು. ಹಾಗಾಗಿ ಸಂಗ್ರಾಮ ಮೆಡಲ್ ಬಂತು, ಪೂರ್ವಿ ಸ್ಟಾರ್ ಬರಲಿಲ್ಲ.

ಸೇವೆಯಲ್ಲಿದ್ದಾಗ ಮೂರು ಸಲ ಕೇಳಿದರಂತೆ. ಬರತ್ತೆ ಬರತ್ತೆ ಅಂದರು. ಅಷ್ಟರಲ್ಲಿ ಬೇರೆ ಬಟಾಲಿಯನ್ನಿಗೆ ವರ್ಗ. ಆಮೇಲೆ ಪಿಂಚಣಿ, ಹೊಲ, ಕಬ್ಬು, ಮಕ್ಕಳ ಮದುವೆ. ಐವತ್ತು ವರ್ಷ ಕಳೆಯಿತು. 2021ರ ಡಿಸೆಂಬರ್‌ನಲ್ಲಿ ಆ ಯುದ್ಧದ ಸುವರ್ಣ ಮಹೋತ್ಸವ ದೇಶದ ತುಂಬ ನಡೆಯಿತಲ್ಲ, ನಮ್ಮ ಕಡೆಯೂ ಒಂದು ಸನ್ಮಾನ ಸಮಾರಂಭ ಇಟ್ಟುಕೊಂಡರು. ಸ್ಟಾರ್ ಇದ್ದವರ ಪಟ್ಟಿ ಮಾಡಿದರು. ಕಾಕಾನ ಹೆಸರು ಅದರಲ್ಲಿ ಇರಲಿಲ್ಲ. ಕಾಕಾ ಸಮಾರಂಭಕ್ಕೆ ಹೋದರು, ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದರು. ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ ಅಂತ ಕಾಕು ಫೋನ್ ಮಾಡಿ ಹೇಳಿದರು.

ಊರಿಗೆ ಹೋದಾಗ ನಾನು ಸಮಾಧಾನ ಹೇಳೋಕೆ ಹೋದೆ. "ಕಾಕಾ, ಒಂದು ಸ್ಟಾರಿಗೆ ಯಾಕ್ರಿ ಇಷ್ಟು ಮನಸಿಗೆ ಹಚ್ಕೋತೀರಿ? ಅದಕ್ಕೇನು ರೊಕ್ಕ ಬರೂದಿಲ್ಲ."

"ಸ್ಟಾರ್ ಸಿಗಲಿಲ್ಲ ಅಂತ ಅಲ್ಲೋ ತಮ್ಮಾ," ಅಂದರು. "ನಾ ಅಲ್ಲಿ ಇರಲೇ ಇಲ್ಲ ಅಂತ ಬರದಾರಲ್ಲ, ಅದು. ನನ್ನ ಬಾಜೂಕ ಇದ್ದ ಹುಡುಗ ನನ್ನ ಕೈಯಾಗ ಸತ್ತಾನ. ನಾ ಇರಲಿಲ್ಲ ಅಂದ್ರ ಅಂವಾ ಯಾರ ಕೈಯಾಗ ಸತ್ತಾ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನದಿಂದಲೇ ಕಾಗದ ಹುಡುಕೋಕೆ ಶುರು ಮಾಡಿದೆವು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಶೀಟ್ ರೋಲ್‌ನ ಪ್ರತಿ ತರಿಸಿದೆವು. ಈ ಕಾಯ್ದೆ 2005ರಲ್ಲಿ ಬರದಿದ್ದರೆ ಇಂಥ ಕೆಲಸವೇ ಸಾಧ್ಯ ಇರಲಿಲ್ಲ ಅಂತ ನನ್ನ ನಂಬಿಕೆ. ತನ್ನ ಬಗ್ಗೆ ಏನು ಬರೆದಿದ್ದಾರೆ ಅಂತ ಕಾಕಾ ಮೊದಲ ಸಲ ಕಣ್ಣಾರೆ ನೋಡಿದ್ದು ಆಗಲೇ. ಜನವರಿಯ ತಾರೀಖು ಅಲ್ಲಿ ಕೂತಿತ್ತು. ತಿದ್ದುಪಡಿಗೆ ಅರ್ಜಿ ಹಾಕಿದೆವು. ನಾಲ್ಕು ತಿಂಗಳಿಗೆ ಉತ್ತರ ಬಂತು: ದಾಖಲೆಗಳ ಪ್ರಕಾರ ಸದರಿಯವರು ಆ ಅವಧಿಯಲ್ಲಿ ಡಿಪೋದಲ್ಲಿದ್ದರು, ಆದ್ದರಿಂದ ಅರ್ಹರಲ್ಲ. ದಾಖಲೆ ತಪ್ಪು ಅಂತ ಅರ್ಜಿ ಹಾಕಿದರೆ ಅದೇ ದಾಖಲೆ ತೋರಿಸಿ ತಿರಸ್ಕಾರ! ಸಿಟ್ಟು ಬಂತು. ಆದರೆ ಅಲ್ಲಿ ಕೂತವನ ಕಡೆಯಿಂದ ಯೋಚಿಸಿದರೆ ಅವನ ಮುಂದೆ ಇರೋದು ಆ ಒಂದು ಹಾಳೆ ಮಾತ್ರ. ಹೊರಗಿನ ಪುರಾವೆ ನಾವೇ ಕೊಡಬೇಕಿತ್ತು.

ಒಂದೇ ಪಲ್ಟೂನಿನಲ್ಲಿದ್ದ ಇಬ್ಬರ ನೆನಪು ಕಾಕಾಗೆ ಇತ್ತು. ಒಬ್ಬರು ಸಾತಾರಾ ಕಡೆಯವರು. ಅವರ ಮನೆ ಫೋನ್ ನಂಬರು ಸಿಗೋ ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಇನ್ನೊಬ್ಬರು ನಿಪ್ಪಾಣಿ ದಾಟಿದರೆ ಸಿಗೋ ಕಾಗಲ್ ಕಡೆಯವರು, ಆಗ ಹವಾಲ್ದಾರರು. ಎಂಬತ್ತು ದಾಟಿದೆ, ಕಿವಿ ಮಂದ. ಕಾಕಾನ ನೋಡಿ ಮೊದಲು ಗುರುತೇ ಹಿಡಿಯಲಿಲ್ಲ. ಕಾಕಾ ಮರಾಠಿಯಲ್ಲಿ ಅವರ ಕಿವಿ ಹತ್ತಿರ ಒಂದು ನದಿಯ ಹೆಸರು ಹೇಳಿದರು. ಮುದುಕ ಎದ್ದು ನಿಂತರು. ಆಮೇಲೆ ಒಂದು ತಾಸು ಇಬ್ಬರೂ ಮಾತಾಡಿದ್ದರಲ್ಲಿ ನನಗೆ ಅರ್ಥವಾದದ್ದು ಕಾಲು ಭಾಗ. ಅವರು ಮರಾಠಿಯಲ್ಲೇ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಕೊಟ್ಟರು. ಗಡಿ ವಿಷಯಕ್ಕೆ ಬಸ್ಸಿಗೆ ಕಲ್ಲು ಹೊಡೆಯೋರು ಈ ಇಬ್ಬರನ್ನ ಒಂದು ಸಲ ನೋಡಬೇಕಿತ್ತು ಅನಿಸಿತು.

ಆದರೆ ಅಫಿಡವಿಟ್ ಒಂದೇ ಸಾಲದು, ಗೆಳೆಯ ಗೆಳೆಯನ ಪರ ಹೇಳಿಯೇ ಹೇಳುತ್ತಾನೆ ಅಂತಾರೆ. ಕೆಲಸಕ್ಕೆ ಬಂದದ್ದು ನಮ್ಮ ಆಯಿಯ ತಂತಿ. ಹಿಂದೆಲ್ಲ ಬಂದ ಪತ್ರಗಳನ್ನ ಕೊಕ್ಕೆ ಇರೋ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದರಲ್ಲ, ಅದು. ಆಯಿ ಹೋಗಿ ಮೂವತ್ತು ವರ್ಷವಾದರೂ ಆ ತಂತಿಯನ್ನ ಕಾಕು ಎಸೆದಿರಲಿಲ್ಲ, ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಲಗ್ನಪತ್ರಿಕೆ, ಸೊಸೈಟಿ ನೋಟೀಸು, ಮನಿಯಾರ್ಡರ್ ರಸೀತಿಗಳ ನಡುವೆ ಕಾಕಾ ಬರೆದ ಒಂದು ಇನ್‌ಲ್ಯಾಂಡ್ ಪತ್ರ. ಅಜ್ಜನ ಹೆಸರಿಗೆ. "ನಾನು ಆರಾಮ ಇದ್ದೇನೆ, ಚಿಂತಿ ಮಾಡಬೇಡಿರಿ. ಎತ್ತು ಮಾರಬೇಡಿರಿ, ರಜೆಗೆ ಬಂದಾಗ ರೊಕ್ಕ ತರುತ್ತೇನೆ." ಇಷ್ಟೇ. ಎಲ್ಲಿದ್ದೇನೆ ಅಂತ ಒಂದು ಅಕ್ಷರ ಇಲ್ಲ, ಬರೆಯೋ ಹಾಗೂ ಇರಲಿಲ್ಲ. ಆದರೆ ಕಳಿಸಿದವರ ವಿಳಾಸದಲ್ಲಿ ಪಲ್ಟಣ, ಕಂಪನಿ, ಕೊನೆಗೆ 99 ಎಪಿಓ. ಮೇಲೆ ಫೀಲ್ಡ್ ಪೋಸ್ಟ್ ಆಫೀಸಿನ ಗುಂಡು ಮುದ್ರೆ, ತಾರೀಖು 9 ಡಿಸೆಂಬರ್ 1971.

ಸೇನೆಯ ಅಂಚೆ ಗೊತ್ತಿಲ್ಲದವರಿಗೆ: 56 ಎಪಿಓ ಅಂದರೆ ದೆಹಲಿ ಮೂಲಕ ಪಶ್ಚಿಮ ಕಡೆಗೆ ಹೋಗೋ ಅಂಚೆ, 99 ಎಪಿಓ ಅಂದರೆ ಕೋಲ್ಕತಾ ಮೂಲಕ ಪೂರ್ವಕ್ಕೆ. ಮುದ್ರೆಯಲ್ಲಿರೋ ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ನೋಡಿದರೆ ಅದು ಆ ದಿನ ಯಾವ ಬ್ರಿಗೇಡಿನ ಜೊತೆ ಇತ್ತು ಅಂತ ಸೇನೆಗೆ ಗೊತ್ತಾಗತ್ತೆ. ಡಿಪೋದಲ್ಲಿ ಕೂತವನು ರಂಗದ ಅಂಚೆಯಿಂದ ಪತ್ರ ಹಾಕೋಕೆ ಆಗೋದಿಲ್ಲ. ಆ ಪತ್ರದ ಪ್ರತಿ, ಅಫಿಡವಿಟ್, ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿ ಸೇರಿಸಿ ಎರಡನೇ ಅರ್ಜಿ ಹಾಕಿದೆವು. 2023 ಪೂರ್ತಿ ಕಾಗದ ಆ ಮೇಜಿಂದ ಈ ಮೇಜಿಗೆ ಓಡಾಡಿತು. ಮೂಲ ಪತ್ರ ಕಳಿಸಿ ಅಂದರು, ಕಾಕಾ ಕಳಿಸಲು ಒಪ್ಪಲಿಲ್ಲ, ಬೇಕಾದರ ನಾನೇ ತರತೀನಿ ಅಂದರು. ತಾವೇ ಹಿಡಿದುಕೊಂಡು ಹೋಗಿ ತೋರಿಸಿ, ತಾವೇ ಹಿಡಿದುಕೊಂಡು ಬಂದರು. 2024ರ ಮಳೆಗಾಲದಲ್ಲಿ ಒಂದು ಸಣ್ಣ ಡಬ್ಬಿ, ಜೊತೆಗೆ ಎರಡು ಸಾಲಿನ ಪತ್ರ: ದಾಖಲೆ ತಿದ್ದಲಾಗಿದೆ, ಪೂರ್ವಿ ಸ್ಟಾರ್ ಲಗತ್ತಿಸಿದೆ.

ಕಾಕಾ ಡಬ್ಬಿ ಪಕ್ಕಕ್ಕಿಟ್ಟು ಆ ಎರಡು ಸಾಲು ಓದಿಸಿಕೊಂಡರು. ಎರಡು ಸಲ.

ಕಾಕಾನ ಪುಣ್ಯ, ಅವರು ಪಿಂಚಣಿದಾರರು, ಹಾಗಾಗಿ ತಿದ್ದೋಕೆ ಒಂದು ಹಾಳೆಯಾದರೂ ಉಳಿದಿತ್ತು. ಪಿಂಚಣಿ ಇಲ್ಲದೆ ಸೇವೆ ಬಿಟ್ಟವರ ಕಾಗದಗಳನ್ನ ಸೇನೆಯ ನಿಯಮದ ಪ್ರಕಾರ 25 ವರ್ಷ ಆದ ಮೇಲೆ ನಾಶ ಮಾಡುತ್ತಾರೆ. ಲಾಂಗ್ ರೋಲ್ ಅನ್ನೋ ರಿಜಿಸ್ಟರಿನಲ್ಲಿ ನಾಲ್ಕು ವಿವರ ಉಳಿದರೆ ಉಳಿಯಿತು. ಎರಡನೇ ಮಹಾಯುದ್ಧದ ಕೊನೆಗೆ ಭಾರತದ ಸೇನೆಯಲ್ಲಿ 25 ಲಕ್ಷ ಜನ ಇದ್ದರು, ಯುದ್ಧ ಮುಗಿದದ್ದೇ ಬಹುಪಾಲು ಜನರನ್ನ ಮನೆಗೆ ಕಳಿಸಿದರು. ನಮ್ಮ ಊರುಗಳಿಂದ ಇಟಲಿ, ಆಫ್ರಿಕಾ, ಬರ್ಮಾಕ್ಕೆ ಹೋದವರು ಆ ಗುಂಪಿನವರೇ. ಇಟಲಿಯಲ್ಲಿ 1944ರ ಜುಲೈ 10ರಂದು ನಾಯಕ್ ಯಶವಂತ ಘಾಡಗೆ, 1945ರ ಏಪ್ರಿಲ್ 9ರಂದು ಸಿಪಾಯಿ ನಾಮದೇವ ಜಾಧವ, ಇಬ್ಬರು ಮರಾಠಾ ಪಲ್ಟಣದವರು ವಿಕ್ಟೋರಿಯಾ ಕ್ರಾಸ್ ಪಡೆದರು. ಅವರ ಹೆಸರು ಉಳಿಯಿತು. ಅವರ ಅಕ್ಕಪಕ್ಕ ನಿಂತಿದ್ದವರಿಗೆ ಇಟಲಿ ಸ್ಟಾರ್ ಸಿಗಬೇಕಿತ್ತು. ಆದರೆ ಸ್ಟಾರುಗಳನ್ನ ಹಂಚೋ ಹೊತ್ತಿಗೆ ಅವರು ಡಿಸ್ಚಾರ್ಜ್ ಆಗಿ ಹಳ್ಳಿಯಲ್ಲಿ ತಂಬಾಕು ಕುಡಿ ಮುರೀತಿದ್ದರು. ಅವರ ವಿಷಯದಲ್ಲಿ ಮನೆಯ ಟ್ರಂಕಿನಲ್ಲಿರೋ ಡಿಸ್ಚಾರ್ಜ್ ಬುಕ್ಕೇ ಉಳಿದಿರೋ ಒಂದೇ ದಾಖಲೆ. ಅದನ್ನ ಗೆದ್ದಲು ತಿಂದರೆ ಮುಗಿಯಿತು.

ಇದು ನಮ್ಮಲ್ಲಿ ಮಾತ್ರ ಅಂತ ತಿಳೀಬೇಡಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈ 12ಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದವು. ಅಲ್ಲಿ ದಾಖಲೆ ತಿದ್ದೋಕೆಂದೇ 1946ರ ಕಾನೂನಿನಿಂದ ಮಂಡಳಿಗಳಿವೆ. ಆದರೂ ಹೆನ್ರಿ ಜಾನ್ಸನ್ ಅನ್ನೋ ಕಪ್ಪು ಸೈನಿಕನ ಕತೆ ಕೇಳಿ. 1918ರಲ್ಲಿ ಫ್ರಾನ್ಸಿನಲ್ಲಿ ಮೈತುಂಬ ಗಾಯ ಮಾಡಿಕೊಂಡು ಹೋರಾಡಿದವನು. ಡಿಸ್ಚಾರ್ಜ್ ಕಾಗದದಲ್ಲಿ ಆ ಗಾಯಗಳ ಮಾತೇ ಇರಲಿಲ್ಲ. 1929ರಲ್ಲಿ ಬಡವನಾಗಿ ಸತ್ತ. ಗಾಯದ ಪದಕ ಬಂದದ್ದು 1996ರಲ್ಲಿ, ಅತಿ ದೊಡ್ಡ ಪದಕ 2015ರಲ್ಲಿ.

ನಮ್ಮಲ್ಲಿ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರತ್ತೆ. ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ಕಡೆ ಬ್ರಿಗೇಡ್ ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ತಮ್ಮ ಯುದ್ಧದ ವರದಿಯನ್ನೇ ಮೇಲಿನವರು ತಿರುಚಿದ್ದಾರೆ ಅಂತ ಅಲ್ಲಿಗೆ ಹೋದರು. 2010ರಲ್ಲಿ ಮಂಡಳಿ ಅವರ ಮಾತು ಎತ್ತಿಹಿಡಿದು, ದಾಖಲೆ ಸರಿಪಡಿಸಬೇಕು ಅಂದಿತು. ಬ್ರಿಗೇಡಿಯರಿಗೆ ವಕೀಲರು ಸಿಗುತ್ತಾರೆ. ಅಥಣಿಯ ಸಿಪಾಯಿಗೆ ಕೊಚ್ಚಿ ಹೋಗಲಿ, ಬೆಳಗಾವಿಗೆ ಹೋಗಿಬರೋದೇ ಒಂದು ದಿನದ ಕೆಲಸ. ಅಲ್ಲಿಯವರಿಗೆ ಮೀರಜ, ಸಾಂಗಲಿಯೇ ಹತ್ತಿರ, ಆದರೆ ಅದು ಬೇರೆ ರಾಜ್ಯ, ಅಲ್ಲಿನ ಸೈನಿಕ ಕಲ್ಯಾಣ ಕಚೇರಿಯವರು ಇವರನ್ನ ನಮ್ಮವರಲ್ಲ ಅಂತಾರೆ.

ಸ್ಟಾರ್ ಬಂದ ಸುದ್ದಿ ಹಬ್ಬಿದ ಮೇಲೆ ಕಾಕಾನ ಕಟ್ಟೆಗೆ ಈಗ ಬೇರೆ ಊರಿನವರೂ ಬರುತ್ತಾರೆ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದುಕೊಂಡು. ಹೋದ ತಿಂಗಳು ಕಾಗವಾಡ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ಗಂಡ ಗೋವಾಕ್ಕೆ ಹೋಗಿದ್ದವರು. 1961ರಲ್ಲಿ ಗೋವಾಕ್ಕೆ ಹೋದ 17ನೇ ಡಿವಿಜನ್ ಜಮಾಯಿಸಿದ್ದು ಬೆಳಗಾವಿಯಲ್ಲೇ. ಡಿಸ್ಚಾರ್ಜ್ ಬುಕ್ಕಿನಲ್ಲಿ "ಗೋವಾ 1961" ಅಂತ ಸ್ಪಷ್ಟ ಬರೆದಿದೆ, ಹೆಸರು ಅಪ್ಪ ಅಂತ ಮುಗಿಯತ್ತೆ, ತಾಲೂಕು ಅಥಣಿ. ಪಿಂಚಣಿ ಕಾಗದದಲ್ಲಿ ಹೆಸರು ಪಾ ಅಂತ ಮುಗಿಯತ್ತೆ, ಪದಕದ ಮಾತೇ ಇಲ್ಲ. ಆಧಾರಿನಲ್ಲಿ ತಾಲೂಕು ಕಾಗವಾಡ. ಕಾಕಾ ಕನ್ನಡಕ ಏರಿಸಿ ಮೂರೂ ಕಾಗದ ಸಾಲಾಗಿ ಇಟ್ಟು, "ಅವ್ವಾರ, ನಿಮ್ಮ ಮನಿಯಾಗ ಹಳೇ ಪತ್ರದ ತಂತಿ ಏನರ ಐತೇನ್ರಿ?" ಅಂತ ಕೇಳಿದರು. ತಂತಿ ಇರಲಿಲ್ಲ. ಪದಕ ಇತ್ತು, ಮೊಮ್ಮಗನ ಶಾಲೆಯ ಕಂಪಾಸ್ ಡಬ್ಬಿಯಲ್ಲಿ. ಅದರ ಅಂಚಿನ ಮೇಲಿದ್ದ ನಂಬರು ಡಿಸ್ಚಾರ್ಜ್ ಬುಕ್ಕಿನ ನಂಬರಿಗೂ ಪಿಂಚಣಿ ಕಾಗದದ ನಂಬರಿಗೂ ತಾಳೆಯಾಯಿತು. ಅಂಚಿನ ಫೋಟೋ ದೊಡ್ಡದು ಮಾಡಿಸಿ, ಅರ್ಜಿ ಬರೆದು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ ಸ್ಪೀಡ್ ಪೋಸ್ಟ್ ಮಾಡಿದೆವು. ಇನ್ನೂ ಉತ್ತರ ಬಂದಿಲ್ಲ.